ಸ್ವಲ್ಪ ತಡವಾಗಿ ಬರುವ ಹಡಗು

ಮೆಂತ್ಯೆ ಸೊಪ್ಪು ಬಿಡಿಸಿ ಬಿಡಿಸಿ ಅನಸೂಯಾಳ ಹೆಬ್ಬೆರಳು ಹಸಿರಾಗಿತ್ತು. ಎದುರಿಗೆ ಕೂತ ಗೆಳತಿ ವಿಜಯಾ ಹ್ಯೂಸ್ಟನ್ನಿನಿಂದ ಬರುವಾಗ ಹಿಲ್‌ಕ್ರಾಫ್ಟಿನ ಭಾರತೀಯ ಅಂಗಡಿಯಿಂದ ಚೀಲದ ತುಂಬ ಸೊಪ್ಪು ಹೊತ್ತು ತಂದಿದ್ದಳು, ಅನಸೂಯಾ ಇರುವ ಈ ರಿಚರ್ಡ್‌ಸನ್ನಿನಲ್ಲಿ ಸೊಪ್ಪಿನ ಮುಖವನ್ನೇ ಯಾರೂ ಕಂಡಿಲ್ಲವೇನೋ ಎಂಬಂತೆ. ವರ್ಷಕ್ಕೆ ಒಂದೆರಡು ಸಲ ಬಂದು ಶನಿವಾರ, ಭಾನುವಾರ ಇದ್ದು ಹೋಗುವುದು ಅವಳ ರೂಢಿ.

"ಕಡ್ಡಿ ಸಮೇತ ಹಾಕ್ತಿದೀಯಲ್ಲೇ! ನಾವು ತಿನ್ನೋದು ಮೆಂತ್ಯನಾ, ಪೊರಕೆನಾ?" ಎಂದಳು ವಿಜಯಾ.

"ಎಳೀ ಕಡ್ಡಿ, ಏನೂ ಆಗೂದಿಲ್ಲ. ನಿಮ್ಮ ಮೈಸೂರಿನವರಿಗೆ ಹಲ್ಲ ಅದಾವೋ ಇಲ್ಲೋ?"

"ಹಲ್ಲಿದೆ. ಧಾರವಾಡದವರ ಹಾಗೆ ಕತ್ತೆ ಹಲ್ಲಿಲ್ಲ ಅಷ್ಟೆ."

ಇಬ್ಬರೂ ನಕ್ಕರು. ನಗುತ್ತಲೇ ವಿಜಯಾ ಕಡ್ಡಿ ಸುತ್ತಲೆಂದು ಮೇಜಿಗೆ ಹಾಸಿದ್ದ ಹಳೆಯ ಪೇಪರನ್ನು ಎಳೆದಳು. ಅದರಡಿಯಿಂದ ಒಂದು ಲಕೋಟೆ ಜಾರಿ ಬಿತ್ತು. ಮೂಲೆಯಲ್ಲಿ ಮೀನಿನ ಚಿತ್ರದ ಅಂಚೆಚೀಟಿ. ಹಿಡಿದು ಹಿಡಿದು ಅಂಚು ಬಟ್ಟೆಯಂತೆ ಮೆತ್ತಗಾಗಿತ್ತು.

"ಇದ್ಯಾವ ದೇಶದ್ದೇ?"

ಅನಸೂಯಾಳ ಕೈ ಸೊಪ್ಪಿನಲ್ಲೇ ನಿಂತಿತು. "ಅದs, ನಾ ಮೆಸೇಜ್ ಕಳಸತೇನಲ್ಲ, ಆ ದ್ವೀಪದ್ದು. ಚಳಿಗಾಲದಾಗ ಬಂದದ್ದು. ನಾ ಇನ್ನೂ ಉತ್ತರಾ ಬರದಿಲ್ಲ."

ಈಗ ಹೊರಗೆ ಡಾಂಬರು ಮೆತ್ತಗಾಗುವಷ್ಟು ಬಿಸಿಲು.

ಗಂಡ ಗುರುದತ್ತ ತೀರಿಕೊಂಡ ಮೇಲೆ ಅನಸೂಯಾ ಹಿಡಿದ ಕೆಲಸ ಈ ಮೆಸೇಜ್ ಕಳಿಸುವುದು. ಪಕ್ಕದ ಊರು ಫ್ಲವರ್ ಮೌಂಡಿನ ಕನ್ನಡದ ಹುಡುಗ ಪ್ರತಾಪ್ ಇಲ್ಲೇ ಹತ್ತಿರ ಒಂದು ಸಣ್ಣ ಕಂಪನಿ ಇಟ್ಟಿದ್ದ. ಅಂಗಡಿ, ಆಸ್ಪತ್ರೆ, ಹಡಗಿನವರು ತಮ್ಮ ಗಿರಾಕಿಗಳಿಗೆ ಹೇಳಬೇಕಾದದ್ದನ್ನು ಇವನಿಗೆ ತಿಳಿಸುತ್ತಾರೆ. ಇವನ ಕಂಪನಿ ಅದನ್ನು ಚಿಕ್ಕ ಸಂದೇಶ ಮಾಡಿ, ಒಬ್ಬೊಬ್ಬರ ಹೆಸರು ಸೇರಿಸಿ, ಅವರ ಫೋನಿಗೆ ಕಳಿಸುತ್ತದೆ. ದೂರದ ಸಾಗರದ ಒಂದು ಪುಟ್ಟ ದ್ವೀಪ ದೇಶ ಅನಸೂಯಾಳ ಪಾಲಿಗೆ ಬಂದಿತ್ತು. ಅಲ್ಲಿನದು ಒಂದು ವಿಚಿತ್ರ. ಇಲ್ಲಿಂದ ಸಂದೇಶ ಹೋಗುತ್ತದೆ, ಅಲ್ಲಿಂದ ಉತ್ತರ ಬರುವುದಿಲ್ಲ. ಅಲ್ಲಿರುವ ಒಂದೇ ಫೋನ್ ಕಂಪನಿ ಅದಕ್ಕೆ ದಾರಿಯನ್ನೇ ಮಾಡಿಲ್ಲ. ಜನ ಉತ್ತರ ಒತ್ತುತ್ತಾರೆ, ಹೋಯಿತು ಎಂದುಕೊಳ್ಳುತ್ತಾರೆ. ಅದು ಎಲ್ಲಿಗೂ ಹೋಗಿರುವುದಿಲ್ಲ.

"ಓದಲಾ?" ಎಂದು ಕೇಳಿ, ಅನಸೂಯಾ ತಲೆ ಆಡಿಸಿದ ಮೇಲೆ ವಿಜಯಾ ಕನ್ನಡಕ ಹಾಕಿಕೊಂಡಳು. ಇಂಗ್ಲಿಷಿನಲ್ಲಿ, ಗುಂಡು ಗುಂಡು ಅಕ್ಷರ. ಹಡಗಿನವರಿಂದ ಕಂಪನಿಯ ವಿಳಾಸ ಪಡೆದು ಇದನ್ನು ಬರೆದವಳ ಹೆಸರು ಲೋಸಾ.

ಲೋಸಾ ಇದ್ದದ್ದು ಅಂಚಿನ ಒಂದು ತುಂಡು ದ್ವೀಪದಲ್ಲಿ. ಅವಳ ಗಂಡ ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿದ್ದ. ನೋಡಲು ಹೋಗುವುದಕ್ಕೆ ವಾರಕ್ಕೊಮ್ಮೆ ಬರುವ ಹಡಗೇ ಖಾಯಂ ದಾರಿ. ಆ ವಾರ ಅವಳು ಚಾಪೆ ಸುತ್ತಿಕೊಂಡು, ಗಂಡನಿಗೆಂದು ಬೇಯಿಸಿದ ಮೀನು ಕಟ್ಟಿಕೊಂಡು ಹಡಗುಕಟ್ಟೆಯ ಮೇಲೆ ನಿಂತಾಗ ಫೋನಿಗೆ ಸಂದೇಶ ಬಂತು: ಲೋಸಾ, ಹಡಗು ಸ್ವಲ್ಪ ತಡವಾಗಿ ಬರುತ್ತದೆ, ದಯವಿಟ್ಟು ಕಾಯಿರಿ. ಪಕ್ಕದಲ್ಲಿ ಮೀನುಗಾರರ ದೋಣಿಯೊಂದು ದೊಡ್ಡ ದ್ವೀಪಕ್ಕೆ ಹೊರಟಿತ್ತು. ಹಡಗಿನ ಮೇಲೆ ನಂಬಿಕೆ ಇಲ್ಲದವರು ಅದನ್ನು ಹತ್ತಿ ಹೋದರು. ಅವಳನ್ನೂ ಕರೆದರು. ತನ್ನ ಹೆಸರು ಹಿಡಿದು ಹೇಳಿದ ಮಾತು ಸುಳ್ಳಾದೀತೇ ಎಂದು ಅವಳು ನಿಂತಳು. ಎಷ್ಟು ತಡ, ನಾನು ದೋಣಿ ಹತ್ತಲೇ ಎಂದು ಉತ್ತರವನ್ನೂ ಕಳಿಸಿದಳು. ಮರುದಿನ ಇನ್ನೊಂದು ಸಂದೇಶ ಬಂತು, ಹಡಗಿನ ಓಡಾಟ ನಿಂತಿದೆ ಎಂದು. ಅದೇ ದಿನ ಆಸ್ಪತ್ರೆಯಲ್ಲಿ ಗಂಡನೂ ಹೋದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಾಗದದ ಕೊನೆಯನ್ನು ವಿಜಯಾ ಗಟ್ಟಿಯಾಗಿ ಓದಿದಳು. "ನನ್ನ ಫೋನು ಉಪ್ಪುನೀರಿಗೆ ಬಿದ್ದು ಕೆಟ್ಟಿದೆ. ಹಡಗಿಲ್ಲ ಎಂದೇ ಮೊದಲ ಸಂದೇಶದಲ್ಲೂ ಇತ್ತು, ನೀನು ಓದಿದ್ದು ತಪ್ಪು, ಅಪ್ಪ ಒಬ್ಬನೇ ಸತ್ತದ್ದು ನಿನ್ನಿಂದ ಎನ್ನುತ್ತಾನೆ ಮಗ. ನನ್ನೊಡನೆ ಮಾತು ಬಿಟ್ಟಿದ್ದಾನೆ. ನೀವು ಏನು ಬರೆದಿರಿ ಎಂದು ಒಂದು ಕಾಗದದಲ್ಲಿ ಬರೆದು ಕಳಿಸಿ. ನಾನು ಓದಿದ್ದು ತಪ್ಪಿದ್ದರೆ ಅದನ್ನೂ ಹೇಳಿ."

ವಿಜಯಾ ಕನ್ನಡಕ ತೆಗೆದಳು. "ಪಾಪ. ತಪ್ಪು ಓದಿದ್ಳಾ?"

"ಇಲ್ಲ. ಸರಿಯಾಗೇ ಓದ್ಯಾಳ. ಹಂಗ ಬರದಾಕಿ ನಾನs."

ಹಡಗಿನವರು ಪ್ರತಾಪನ ಕಂಪನಿಗೆ ಹೇಳಿದ್ದು ಒಂದೇ ಗೆರೆ. ಹಡಗು ರದ್ದು, ಮತ್ತೆ ಹೇಳುವವರೆಗೆ ಇಲ್ಲ. ಆ "ಇಲ್ಲ" ಅನಸೂಯಾಳ ಕೈಯಿಂದ ಇಳಿಯಲಿಲ್ಲ. ಅವಳು ಬೆಳೆದ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವಂತಿರಲಿಲ್ಲ, ಹೆಚ್ಚಾಯಿತು ಎನ್ನಬೇಕು. ಬಳೆ ಒಡೆದರೂ ಹೆಚ್ಚಿತು ಎನ್ನಬೇಕು. ದೀಪ ಆರಿಸುವಾಗ ದೊಡ್ಡದು ಮಾಡು ಎನ್ನಬೇಕು. ಹೊಸಿಲು ದಾಟುವವರು ಹೋಗುತ್ತೇನೆ ಎಂದರೆ ಅಜ್ಜಿ ಮತ್ತೆ ಒಳಗೆ ಕರೆದು ಕೂರಿಸಿ, ಬರುತ್ತೇನೆ ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ಸಮುದ್ರದ ನಡುವೆ ಕೂತ ಜನಕ್ಕೆ, ಅದೂ ಬೆಳಗಾಗೆದ್ದು, ಹೆಸರು ಹಿಡಿದು "ಇಲ್ಲ" ಎನ್ನುವುದು ಹೇಗೆ? ಒಂದೆರಡು ದಿನಕ್ಕೆ ಬಂದೇ ಬರುತ್ತದೆ ಎಂದುಕೊಂಡು "ಸ್ವಲ್ಪ ತಡ" ಎಂದು ಬರೆದಳು. ಆಂಟಿ ಬರೆಯುವ ಧಾಟಿ ಗಿರಾಕಿಗಳಿಗೆ ಇಷ್ಟ ಎಂದು ಸದಾ ಹೊಗಳುವ ಪ್ರತಾಪ್ ಕಣ್ಣಾಡಿಸಿ ಕಳಿಸಿಬಿಟ್ಟ. ಮರುದಿನ ಹಡಗಿನವರು ಅದನ್ನೇ ಮತ್ತೆ ಹೇಳಿದಾಗ ಎರಡನೆಯ ಸಂದೇಶ ಹೋಯಿತು.

ಈ ಕಾಗದ ಬಂದಾಗ ಅವನ ಮುಂದೆ ಇಟ್ಟಳು. ಅವನು ವಕೀಲರನ್ನು ಕೇಳಿದ. ಉತ್ತರ ಕೊಡಲೇಬಾರದು ಎಂದರಂತೆ. ಅಂದಿನಿಂದ ಲಕೋಟೆ ಇವಳ ಮನೆಯಲ್ಲಿ ಜಾಗ ಬದಲಿಸುತ್ತಿತ್ತು, ಒಮ್ಮೆ ದೇವರ ಗೂಡಿನಲ್ಲಿ, ಒಮ್ಮೆ ಅಕ್ಕಿ ಡಬ್ಬಿಯ ಹಿಂದೆ.

"ಬರೀದೆ ಇದ್ರೂ ಕಷ್ಟ," ಎಂದಳು ವಿಜಯಾ. "ಒಂದು ಕೆಲಸ ಮಾಡು. ಸಿಸ್ಟಂ ಪ್ರಾಬ್ಲಂ ಆಯ್ತು, ಯಾರದ್ದೂ ತಪ್ಪಲ್ಲ, ಸಮಾಧಾನ ಮಾಡ್ಕೊಳಿ ಅಂತ ಎರಡು ಗೆರೆ ಬರೆದುಬಿಡು. ಅವಳಿಗೂ ಹಗುರ, ನಿನಗೂ ಹಗುರ. ನಿಜ ಹೇಳಿ ಹೋದ ಗಂಡ ವಾಪಸ್ ಬರ್ತಾನಾ?"

ಅನಸೂಯಾ ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಅವತ್ತ ನೀನೂ ನನಗ ಹಂಗs ಹೇಳಿದ್ದಿ, ವಿಜಯಾ."

ಯಾವತ್ತು ಎಂದು ವಿಜಯಾ ಕೇಳಲಿಲ್ಲ. ಗುರುದತ್ತನ ಹೃದಯದ ಆಪರೇಷನ್ ಹ್ಯೂಸ್ಟನ್ನಿನಲ್ಲಿ ಆಗಿತ್ತು. ವಿಜಯಾಳ ಗಂಡ ವೆಂಕಟೇಶ್ ಅದೇ ಆಸ್ಪತ್ರೆಯ ಡಾಕ್ಟರು. ಎಲ್ಲ ಚೆನ್ನಾಗಿದೆ, ಎರಡು ದಿನ ಮನೆಗೆ ಹೋಗಿ ಬಟ್ಟೆಬರೆ ನೋಡಿಕೊಂಡು ಬಾ ಎಂದು ಅವರೇ ಅನಸೂಯಾಳನ್ನು ಕಳಿಸಿದ್ದರು. ಬೆಳಿಗ್ಗೆ ವಿಜಯಾಳ ಫೋನು ಬಂತು. ಸ್ವಲ್ಪ ಸುಸ್ತಾಗಿದಾರೆ, ಗಾಬರಿ ಏನಿಲ್ಲ, ನಿಧಾನಕ್ಕೆ ಬಾ. ಕಾರಿನಲ್ಲಿ ನಾಲ್ಕು ತಾಸಿನ ದಾರಿ, ಆದರೂ ಅನಸೂಯಾ ನಿಧಾನಕ್ಕೇ ಹೊರಟಳು. ಅನ್ನ ಮಾಡಿದಳು, ಮೊಸರು ಕಲಸಿದಳು, ಒಗ್ಗರಣೆ ಹಾಕಿದಳು, ಗಂಡನಿಗೆ ಸೇರುತ್ತದೆಂದು ದಾಳಿಂಬೆ ಬಿಡಿಸಿ ಹಾಕಿದಳು. ಡಬ್ಬಿ ಹಿಡಿದು ಆಸ್ಪತ್ರೆಯ ಬಾಗಿಲಿಗೆ ಬಂದಾಗ ವಿಜಯಾ ಎದುರಿಗೆ ಬಂದು ಮೊದಲು ಡಬ್ಬಿ ಇಸಿದುಕೊಂಡಿದ್ದಳು.

"ನೀ ಫೋನ್ ಮಾಡಿದಾಗ ಅವರು ಇದ್ರೋ, ಹೋಗಿದ್ರೋ?" ಅನಸೂಯಾ ಕೇಳಿದಳು. "ಇಷ್ಟ ವರ್ಷ ಕೇಳಿಲ್ಲ. ಹೇಳಿಬಿಡು."

"ಈಗ ಯಾಕೆ ಕಣೆ ಅದೆಲ್ಲಾ..."

"ಹೇಳವಾ."

ವಿಜಯಾ ಮೇಜಿನ ಮೇಲಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿಟ್ಟುಕೊಂಡಳು.

"ಇದ್ರು. ಎಚ್ಚರಾನೂ ಇತ್ತು. ಕಷ್ಟ ಅಂತ ಇವರು ಆಗಲೇ ಹೇಳಿದ್ರು ನಂಗೆ. ಅನಸೂಯಾ ಹೊರಟ್ಳಾ, ಹೊರಟ್ಳಾ ಅಂತ ಕೇಳ್ತಾನೇ ಇದ್ರು. ಹೊರಟಿದಾಳೆ, ಇನ್ನೇನು ಬಂದ್ಳು ಅಂತಿದ್ದೆ. ಅವರಿಗೂ ಸುಳ್ಳೇ ಹೇಳ್ದೆ." ಅಂಗೈಯ ಎಲೆಗಳನ್ನು ಬುಟ್ಟಿಗೆ ಹಾಕಿದಳು. "ನೀನು ದಾರೀಲಿ ಒಬ್ಬಳೇ ಎದೆ ಒಡ್ಕೋತೀಯ ಅಂತ ಕಣೆ. ಬೇರೇನೂ ಇಲ್ಲ."

"ಗೊತ್ತದ."

ಗೊತ್ತಿತ್ತು, ನಿಜ. ಆದರೂ ಒಗ್ಗರಣೆಯ ಸಾಸಿವೆ ಸಿಡಿಯಲೆಂದು ತಾನು ಒಲೆಯ ಮುಂದೆ ಕಾದು ನಿಂತದ್ದು ಅನಸೂಯಾಳ ಕಣ್ಣಿಗೆ ಕಟ್ಟಿತು. ಆ ಹೊತ್ತಿಗೆ ಅಲ್ಲಿ ಅವರು ಕೇಳುತ್ತಿದ್ದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಿಜಯಾ ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟಳು. ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ.

ಅತ್ತು ಮುಗಿದ ಮೇಲೆ ಅನಸೂಯಾ ಕೈ ತೊಳೆದು ಪ್ರತಾಪನಿಗೆ ಫೋನ್ ಮಾಡಿದಳು.

"ಆ ಲೋಸಾ ಬಾಯಿಗೆ ಇವತ್ತ ಕಾಗದಾ ಹಾಕ್ಲಿಕ್ಕೆ ಹತ್ತೇನಪಾ."

"ಆಂಟಿ, ಪ್ಲೀಸ್. ಕಂಪನಿ ಹೆಸರು ಬಂದ್ರೆ ಲಾಯರ್ ನನ್ನ ಹುರಿದು ಮುಕ್ತಾನೆ."

"ಕಂಪನಿ ಹೆಸರು ಬ್ಯಾಡ. ನನ್ನ ಹೆಸರ ಹಾಕ್ತೇನಿ. ಬರದಾಕಿ ನಾನು."

"ಹಂಗಾದ್ರೆ... ಸ್ವಲ್ಪ ದಿನ ರೆಸ್ಟ್ ತಗೊಳಿ ಆಂಟಿ. ಆಮೇಲೆ ನೋಡೋಣ."

"ಪ್ರತಾಪ್, ಕೆಲಸದಿಂದ ತಗದೇನಿ ಅನ್ನೂದಿದ್ರ ಹಂಗs ಅನ್ನು. ನೋಡೋಣ ಅಂದ್ರ ನಾ ಕಾಯಕೋತ ಕೂಡ್ತೇನಿ."

"ಹೂಂ, ಆಂಟಿ," ಎಂದ ಅವನು, ಹುಡುಗನ ದನಿಯಲ್ಲಿ. "ತೆಗೀಬೇಕಾಗುತ್ತೆ. ಸಾರಿ."

"ಛಲೋ ಆತು, ಹೇಳಿದಿ."

ಸೊಪ್ಪು ಅಲ್ಲೇ ಬಾಡತೊಡಗಿತ್ತು. ಅನಸೂಯಾ ಅದೇ ಮೇಜಿನ ಮೇಲೆ ಬರೆಯಲು ಕೂತಳು. ಮೊದಲ ಹಾಳೆಯಲ್ಲಿ "ಬಹುಶಃ ನಮ್ಮ ಕಡೆಯಿಂದ" ಎಂದು ಬಂತು, ಹರಿದಳು. ಎರಡನೆಯದರಲ್ಲಿ ದೇವರ ಇಚ್ಛೆ ಬಂತು, ಅದನ್ನೂ ಹರಿದಳು. ಆಮೇಲೆ ತನಗೆ ಬರುವ ಸಾದಾ ಇಂಗ್ಲಿಷಿನಲ್ಲಿ ಬರೆದಳು. ನೀವು ಓದಿದ್ದು ಸರಿ. ಹಡಗು ಸ್ವಲ್ಪ ತಡವಾಗಿ ಬರುತ್ತದೆ, ಕಾಯಿರಿ ಎಂದೇ ಅದರಲ್ಲಿತ್ತು. ಹಡಗು ಇರಲಿಲ್ಲ. ಅದು ಇಲ್ಲವೆಂದು ಗೊತ್ತಿದ್ದೂ ಹಾಗೆ ಬರೆದವಳು ನಾನು. ನೀವು ಕಳಿಸಿದ ಉತ್ತರ ಯಾರಿಗೂ ತಲುಪಲಿಲ್ಲ. ಈ ಕಾಗದವನ್ನು ನಿಮ್ಮ ಮಗನಿಗೆ ತೋರಿಸಿ. ಕೆಳಗೆ ಪೂರ್ತಿ ಹೆಸರು ಬರೆದಳು, ಮನೆಯ ವಿಳಾಸ ಬರೆದಳು. ಲೋಸಾ ಬೈದು ಬರೆಯುವುದಿದ್ದರೆ ಆ ಬೈಗುಳಕ್ಕಾದರೂ ಒಂದು ದಾರಿ ಇರಲಿ ಎಂದು.

ಶನಿವಾರ ಅಂಚೆ ಕಚೇರಿ ಬೇಗ ಮುಚ್ಚುತ್ತದೆ ಎಂದು ವಿಜಯಾ ಕಾರಿನ ಕೀ ತೆಗೆದುಕೊಂಡಳು.

ಕೌಂಟರಿನಾಕೆ ಲಕೋಟೆ ತೂಗಿ, ದೇಶದ ಹೆಸರನ್ನು ಎರಡು ಸಲ ಓದಿದಳು. ಇದು ಯಾವಾಗ ಮುಟ್ಟುತ್ತದೆ ಎಂದು ಅನಸೂಯಾ ಕೇಳಿದಳು.

"ಗೊತ್ತಿಲ್ಲ," ಎಂದಳು ಆಕೆ ಮುಖ ನೋಡಿ. "ನಿಮಗೆ ಸುಳ್ಳು ಹೇಳಲಾರೆ. ತಿಂಗಳುಗಳೇ ಆಗಬಹುದು."

ಅನಸೂಯಾ ಥ್ಯಾಂಕ್ಸ್ ಹೇಳಿದಳು. ಅಂಚೆಚೀಟಿಯನ್ನು ತಾನೇ ಹಚ್ಚಿ, ತೊಳೆದರೂ ಹಸಿರು ಹೋಗದ ಹೆಬ್ಬೆರಳಿನಿಂದ ಒತ್ತಿ, ಲಕೋಟೆಯನ್ನು ಕೌಂಟರಿನ ಆಚೆಗೆ ಸರಿಸಿದಳು.