ಎಣಿಸಿ ಕೊಡುವ ಕಿಟಕಿ

"ಅಲ್ಲೇ ನಿಂತ್ಕೊಳೇ, ಕಾಲು ಒಳಗಿಡಬೇಡ. ಕಾರ್ಪೆಟ್ಟು ಕೊಳೆಯಾಗುತ್ತೆ."

ಸೋಡಕ್ಕ ಹೊಸ್ತಿಲಾಚೆಯೇ ನಿಂತಳು. ಆ ಕಾರ್ಪೆಟ್ಟನ್ನು ಹೋದ ತಿಂಗಳು ಮೊಣಕಾಲೂರಿ ತಿಕ್ಕಿ ತೊಳೆದವಳು ಅವಳೇ. ಸರಕಾರಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳದು ಹತ್ತೊಂಬತ್ತು ವರ್ಷದ ಖಾಯಂ ನೌಕರಿ. ಸೋಡಾಪುಡಿಗೆ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಸ್ವಂತ ಹೆಸರೂ ಅದರ ಜೊತೆಗೇ ತೊಳೆದುಹೋಗಿ, ಎಲ್ಲರ ಬಾಯಲ್ಲೂ ಸೋಡಕ್ಕನಾಗಿ ಉಳಿದಿದ್ದಳು.

ಸೂಪರಿಂಟೆಂಡೆಂಟ್ ಸಾಹೇಬ ಒಂದು ಕಾಗದವನ್ನು ಮೇಜಿನಿಂದಲೇ ಬಿಸಾಡಿದ. ಅದು ಅರ್ಧ ದಾರಿಯಲ್ಲಿ ಬಿತ್ತು. ಕಾಲಿಡುವ ಹಾಗಿಲ್ಲವಲ್ಲ, ಸೋಡಕ್ಕ ಚೌಕಟ್ಟು ಹಿಡಿದು ಬಗ್ಗಿ ಎಳೆದುಕೊಂಡಳು.

"ಲಿಫ್ಟ್ ಆಪರೇಟರ್ ಕೆಲಸ ಕೇಳಿದ್ಯಲ್ಲ, ತಗೋ. ಸ್ಟೂಲ್ ಮೇಲೆ ಕೂತು ಗುಂಡಿ ಒತ್ತೋದು, ಅಷ್ಟೇ. ಮಹಾರಾಣಿ ಕೆಲಸ. ಮೊದಲು ಲಾಂಡ್ರಿಗೆ ರಾಜೀನಾಮೆ. ಇದಕ್ಕೆ ಸೈನ್ ಹಾಕಿ ನಾಳೆ ಹತ್ತರೊಳಗೆ ಕೊಡು."

"ಲಿಫ್ಟಿನ ಆರ್ಡರು, ಸಾರ್?"

"ಆಮೇಲೆ ಬರುತ್ತೆ."

"ಆಮೇಲೆ ಅಂದ್ರೆ?"

"ಥೂ, ಮುಂಡೇದೇ! ಬಟ್ಟೆ ಕುಕ್ಕೋಳಿಗೆ ಕಾನೂನು ಬೇರೆ ಕೇಡು. ನಡಿ ಆಚೆ. ಮನೆಯಿಂದ ಗಂಟು ಬಂದಿದೆ, ನಾಳೆಗೆ ರೆಡಿಯಿರಬೇಕು. ಕಾಲರು ಸರಿಯಾಗಿ ತಿಕ್ಕು."

ಸಾಹೇಬನ ಮನೆಯ ಗಂಟು ವಾರಕ್ಕೆರಡು ಸಲ ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದಲೇ ಹೋಗುತ್ತಿತ್ತು. ಸಾಬೂನು ಸರಕಾರದ್ದು, ಬೆನ್ನು ಸೋಡಕ್ಕನದು.

ನೆಲಮಾಳಿಗೆಗೆ ಇಳಿಯುವಾಗ ಮಂಡಿ ಎರಡೂ ಕಟಕಟ ಎಂದವು. ಇಪ್ಪತ್ತೆರಡು ಮೆಟ್ಟಿಲು. ದಿನಕ್ಕೆ ಹತ್ತು ಸಲ, ಹೊದಿಕೆಯ ಮೂಟೆ ಹೊತ್ತು. ಆ ಸ್ಟೂಲು ಕಣ್ಣ ಮುಂದೆ ಬಂದು ಕುಳಿತಿತು. ಅದಕ್ಕೆ ಒರಗಿಕೊಳ್ಳಲು ಬೆನ್ನೂ ಇತ್ತು.

ಬಾಯ್ಲರ್ ಮಾವ ಕಾಗದ ಓದಿ ಹಲ್ಲುಕಿರಿದ. "ಬಾರಮ್ಮ ಬಾ. ನನ್ನ ಜಾತಕಾನೇ ನಿನ್ನ ಕೈಗೂ ಕೊಟ್ಟವ್ನೆ."

ಆಸ್ಪತ್ರೆಯವರೆಲ್ಲ ಮಾವ ಎಂದೇ ಕರೆಯುವ ಅವನು ಅಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡವನು. ಎರಡು ವರ್ಷದ ಹಿಂದೆ ಗೇಟಿನ ಕಾವಲು ಕೆಲಸ ಕೊಡುತ್ತೇವೆಂದು ಹೀಗೇ ರಾಜೀನಾಮೆ ಬರೆಸಿಕೊಂಡಿದ್ದರು. ಆರು ತಿಂಗಳ ಪ್ರೊಬೇಷನ್ ಮುಗಿದ ದಿನ 'ಸೇವೆ ತೃಪ್ತಿಕರವಾಗಿಲ್ಲ' ಎಂಬ ಒಂದೇ ಸಾಲು ಬಂತು. ಖಾಲಿಯಾದ ಅವನ ಖಾಯಂ ಹುದ್ದೆ ಸಾಹೇಬನ ಬಾವಮೈದುನನ ಗುತ್ತಿಗೆಗೆ ಹೋಯಿತು. ಈಗ ಮಾವ ಅದೇ ಬಾಯ್ಲರಿಗೆ ಅದೇ ಕೈಯಿಂದ ಬೆಂಕಿ ಹಾಕುತ್ತಾನೆ. ಸಂಬಳ ಅರ್ಧ, ರಜೆಯಿಲ್ಲ, ಪಿಂಚಣಿಯಿಲ್ಲ.

"ಪುನರ್ಜನ್ಮ ಅಂದ್ರೆ ಇದೇ ಕಣಮ್ಮ. ಸಾಯದೇನೇ ಆಯ್ತು ನಂಗೆ."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೂ ಸೋಡಕ್ಕನ ಕಣ್ಣು ಮಾವನ ಹರಿದ ಗ್ಲೌಸಿನ ಮೇಲೇ ಇತ್ತು.

ಸಂಜೆ ಮನೆಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದಳು. ಅದೇ ಲಾಂಡ್ರಿಯಿಂದ ನಿವೃತ್ತಳಾದವಳು. ಪಿಂಚಣಿ ಬರುವ ದಿನ ಹೊಸ ಸೀರೆ ಉಟ್ಟು ಬ್ಯಾಂಕಿಗೆ ಹೋಗುವವಳು.

"ಹೋಗಲೋ ಬೇಡವೋ, ಅತ್ತೆ? ಮಂಡಿ ಹೋಗು ಅನ್ನುತ್ತೆ."

"ಮಂಡಿ ಮಾತು ಕೇಳ್ಬೇಡ, ಅದಕ್ಕೆ ಓದು ಬರಲ್ಲ. ಲಾಂಡ್ರಿ ಕಿಟಕಿ ಹತ್ರ ದಿನಾ ಏನೇ ಮಾಡ್ತೀಯ ನೀನು?"

"ವಾರ್ಡಿನೋರ ಹತ್ರ ಕೊಳೇದು ತಗೊಂಡು ಒಗೆದಿದ್ದು ಕೊಡ್ತೀನಿ. ಒಂದೊಂದನ್ನೂ ಎತ್ತಿ ಹಿಡಿದು, ಕೂಗಿ, ಎಣಿಸಿ."

"ಅವರು ಕೊಳೇದು ಇಡೋಕೆ ಮುಂಚೆ ಯಾವತ್ತಾದ್ರೂ ಒಗೆದಿದ್ದು ಬಿಟ್ಟಿದ್ದೀಯಾ?"

"ಒಂದು ದಿಂಬಿನ ಕವರೂ ಬಿಟ್ಟಿಲ್ಲ."

"ಮತ್ತೆ ಹತ್ತೊಂಬತ್ತು ವರ್ಷಾನ ಬರಿಗೈಲಿ ಹೆಂಗೇ ಬಿಡ್ತೀಯ, ನನ್ನ ದಡ್ಡಿ ಸೊಸೆ? ಆ ಬಾಡ್ಕೋ ಹೇಳದೇ ಇರೋದು ನಾನು ಹೇಳ್ತೀನಿ, ಕೇಳು. ಒಂದೇ ಆಸ್ಪತ್ರೆ ಒಳಗೆ ಕೆಲಸ ಬದಲಾದ್ರೆ ರಾಜೀನಾಮೆ ಬೇಕಾಗಿಲ್ಲ. ಹಳೇ ಹುದ್ದೆ ಹಕ್ಕು ಉಳಿಸ್ಕೊಂಡೇ ಹೋಗಬಹುದು, ಸರಿ ಬರಲಿಲ್ಲ ಅಂದ್ರೆ ವಾಪಸ್ ಬರಬಹುದು. ನಮ್ಮ ಕಾಲದಲ್ಲಿ ಒಬ್ಬ ಆಯಾ ಹಂಗೇ ಹೋಗಿ, ಹಂಗೇ ಬಂದಿದ್ಲು. ಬರಿ, ಆರ್ಡರನ್ನ ನಾನೇ ಹೇಳ್ತೀನಿ. ಅವನು ಸೈನ್ ಹಾಕೋದೊಂದು ಬಾಕಿ ಇರಲಿ."

ಸೋಡಕ್ಕ ಬರೆದಳು. ಮುಗಿದ ಮೇಲೂ ಪೆನ್ನಿನ ಮುಚ್ಚಳ ಹಾಕಲಿಲ್ಲ. "ಇನ್ನೊಂದು ಹಾಳೆ ಇದೆಯಾ, ಅತ್ತೆ?"

ಮರುದಿನ ಹತ್ತಕ್ಕೆ ಐದು ನಿಮಿಷವಿತ್ತು. ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿರುವ ಲಾಂಡ್ರಿಯ ಕಿಟಕಿ ತೆರೆಯುವುದು ಹೊರರೋಗಿಗಳ ಮೊಗಸಾಲೆಗೆ. ಚೀಟಿ ಹಿಡಿದ ಜನರ ಸಾಲು ಗೋಡೆಯುದ್ದಕ್ಕೂ ನಿಂತಿತ್ತು. ಸಾಹೇಬ ಸಾಲು ಸೀಳಿಕೊಂಡು ಬಂದ.

"ಎಲ್ಲೇ ಕಾಗದ?"

"ಇಲ್ಲೇ ಇದೆ, ಸಾರ್. ತಮ್ಮ ಗಂಟೂ ರೆಡಿ. ಇವತ್ತು ಕಿಟಕಿಯಿಂದಲೇ ಕೊಡ್ತೀನಿ."

ತಡೆಯುವ ಮೊದಲೇ ಅವಳು ಗಂಟು ಬಿಚ್ಚಿ, ಲಾಂಡ್ರಿಯ ಪದ್ಧತಿಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಯ್ಲರಿನ ಸದ್ದಿಗೆ ಪಳಗಿದ ಗಂಟಲಿನಿಂದ ಕೂಗಿದಳು.

"ಸೂಪರಿಂಟೆಂಡೆಂಟ್ ಸಾಹೇಬರ ಮನೆ! ಕಿಟಕಿ ಪರದೆ, ಒಂದು! ಪೈಜಾಮ, ಎರಡು! ಪಟ್ಟೆ ಚಡ್ಡಿ, ಮೂರು! ಹಿಂದೆ ತೂತಿದೆ, ನಾವು ಮಾಡಿದ್ದಲ್ಲ!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೆಮ್ಮಿಗೆಂದು ಬಂದ ಮುದುಕನೊಬ್ಬ ಕೆಮ್ಮು ಮರೆತು ಕತ್ತು ಚಾಚಿದ.

"ಏಯ್, ನಿಲ್ಲಿಸೇ! ಕೆಲಸದಿಂದ ತೆಗೆದುಹಾಕ್ತೀನಿ!"

"ಖಾಯಂ ನೌಕರಿ ಸಾರ್, ಇನ್ನೂ ರಾಜೀನಾಮೆ ಕೊಟ್ಟಿಲ್ಲವಲ್ಲ. ಚಡ್ಡಿ, ನಾಲ್ಕು!"

"ಸರಕಾರಿ ಸಾಬೂನಲ್ಲಿ ಒಗೆದಿದ್ದಾ?" ಮಗು ಎತ್ತಿಕೊಂಡ ಹೆಂಗಸೊಬ್ಬಳು ಕೇಳಿದಳು.

"ಹೌದು ತಾಯಿ, ನಿಮ್ಮ ವಾರ್ಡಿನ ಹೊದಿಕೆಗೆ ಸಾಲದೇ ಹೋಗೋ ಸಾಬೂನೇ. ಬನೀನು, ಐದು!"

ಸಾಹೇಬನ ಕಿವಿ ಕೆಂಪೇರಿತು. ದನಿ ತಗ್ಗಿಸಿದ. "ಏನು ಬೇಕು ನಿಂಗೆ?"

ಅವಳು ಹಾಳೆಯನ್ನು ಕಿಟಕಿಯ ಹಲಗೆಯ ಮೇಲೆ ಸವರಿ ಇಟ್ಟಳು. ಮೂಲ ಹುದ್ದೆಯ ಹಕ್ಕು ಉಳಿಸಿ ಲಿಫ್ಟಿಗೆ ನಿಯೋಜನೆ. ಆತ ಗೀಚಿ ತಳ್ಳಿದ. ಅವಳು ಬೆಳಕಿಗೆ ಹಿಡಿದು ನೋಡಿದಳು.

"ಸೀಲಿಲ್ಲ, ಸಾರ್." ಕೈ ಮತ್ತೆ ಗಂಟಿಗೆ ಹೋಯಿತು.

ಸೀಲು ಓಡಿಬಂತು. ತಂದ ಗುಮಾಸ್ತ ಯಾಕೋ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಭುಜ ಕುಣಿಯುತ್ತಿತ್ತು. ಮುದ್ರೆ ಬಿದ್ದದ್ದೇ ಸೋಡಕ್ಕ ಎಣಿಸಿದ ಬಟ್ಟೆಗಳನ್ನು ಅಂದವಾಗಿ ಮಡಚಿ ಆಚೆ ದಾಟಿಸಿದಳು. ಉಳಿದದ್ದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅದನ್ನೂ ಕೊಡೇ!"

"ಒಂದು ಕಾಗದಕ್ಕೆ ಅರ್ಧ ಗಂಟು, ಸಾರ್." ಅವಳು ಎರಡನೆಯ ಹಾಳೆ ಇಟ್ಟಳು. "ಇದು ಬಾಯ್ಲರ್ ಮಾವಂದು. ಇಪ್ಪತ್ತಾರು ವರ್ಷ ವಾಪಸ್ ಮಾಡೋದು."

ಅವಳ ಹಿಂದೆ, ಕೆಳಗಿನಿಂದ ಏಳುವ ಹಬೆಯ ನಡುವೆ, ಮಾವ ಗ್ಲೌಸು ಬಿಚ್ಚಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಇವತ್ತು ನಗುತ್ತಿರಲಿಲ್ಲ.

"ಅದು ನನ್ನ ಕೈಲಿಲ್ಲ," ಎಂದ ಸಾಹೇಬ.

"ನನ್ನ ಕೈಲಿ ಇದೆ, ಸಾರ್," ಎಂದು ಸೋಡಕ್ಕ ಮುಂದಿನದನ್ನು ಎತ್ತಿ ಹಿಡಿದಳು. ಈ ಸಲ ಅವಳು ಬಾಯಿ ತೆರೆಯುವ ಮೊದಲೇ, ಗೋಡೆಯುದ್ದಕ್ಕೂ ನಿಂತ ಸಾಲಿಗೆ ಸಾಲೇ ಕೂಗಿತು:

"ಆರು!"