ಮುಕ್ಕಾಲು ಮೇಷ್ಟ್ರು

ಆ ಶಾಲೆಯ ಗ್ರಂಥಪಾಲಕರು ಪತ್ತೇದಾರಿ ಕಾದಂಬರಿಗಳ ಕೊನೆಯ ಅಧ್ಯಾಯವನ್ನು ಓದುತ್ತಿರಲಿಲ್ಲ. ಅಲ್ಲಿಯವರೆಗೆ ಒಂದಕ್ಷರ ಬಿಡದೆ ಓದಿ, ಕೊನೆಯ ಅಧ್ಯಾಯದ ಮೊದಲ ಪುಟದಿಂದ ಹಿಂದಿನ ರಟ್ಟಿನವರೆಗೆ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಡುತ್ತಿದ್ದರು. ಅದನ್ನು ಬಿಚ್ಚುವ ಹಕ್ಕು ಓದುವ ಮಗುವಿನದು. ಮಕ್ಕಳು ಅವರಿಗೆ ಮುಕ್ಕಾಲು ಮೇಷ್ಟ್ರು ಎಂದು ಹೆಸರಿಟ್ಟಿದ್ದು ಹೀಗೆ.

ಈ ಅಭ್ಯಾಸಕ್ಕೊಂದು ಕಾರಣವಿತ್ತು. ನೌಕರಿಗೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಅರ್ಧ ಓದಿದ ಪುಸ್ತಕ ಹಿಡಿದು ಬಂದು, "ಡ್ರೈವರ್ ತಾನೇ ಸರ್ ಕೊಂದಿದ್ದು?" ಎಂದು ಕೇಳಿದ್ದ. ಇವರು ಬಾಯಿ ಬಿಡಲಿಲ್ಲ, ಆದರೆ ಎಡ ಹುಬ್ಬು ತಾನಾಗಿ ಒಂದಿಷ್ಟು ಮೇಲೇರಿತು. ಹುಡುಗ ಪುಸ್ತಕವನ್ನು ಅಲ್ಲೇ ಹಿಂದಿರುಗಿಸಿದ. ಅಂದೇ ಇವರು ಮನೆಯಲ್ಲಿ ಹೆಂಡತಿಗೆ ಹೇಳಿದರು: "ನನ್ನ ಮುಖಕ್ಕೆ ಗುಟ್ಟು ನಿಲ್ಲಲ್ಲ ಕಣೇ. ಗೊತ್ತಿಲ್ಲದೇ ಇರೋದೇ ವಾಸಿ. ರಿಟೈರ್ ಆದ್ಮೇಲೆ ಎಲ್ಲಾ ಕೊನೆಗಳನ್ನೂ ಒಟ್ಟಿಗೆ ಓದ್ತೀನಿ."

"ಅಷ್ಟೊತ್ತಿಗೆ ಮೊದಲುಗಳು ಮರೆತುಹೋಗಿರುತ್ತೆ ಬಿಡಿ," ಎಂದಿದ್ದರು ಆಕೆ. ಹುಬ್ಬಿನ ಕಥೆಯನ್ನೂ ರಿಟೈರಿನ ಮಾತನ್ನೂ ಆಮೇಲೆ ಅವರೇ ಮಕ್ಕಳಿಗೆ ಹೇಳಿ ನಗುತ್ತಿದ್ದರು.

ಬಲಗೈಯ ಬೆರಳನ್ನು ಪುಸ್ತಕಗಳ ಬೆನ್ನಿನ ಮೇಲೆ ಎಳೆಯುತ್ತಾ, ಕತ್ತಲಲ್ಲಿ ಗೋಡೆ ತಡವುವವರಂತೆ ನಡೆಯುವುದು ಅವರ ರೀತಿ. ಕಂದು ಸ್ವೆಟರಿನ ಜೇಬಿನಲ್ಲಿ ಸದಾ ರಬ್ಬರ್ ಬ್ಯಾಂಡುಗಳು. ಕೊಲೆಯ ಕಥೆಗಳನ್ನೂ ಆಟದ ಪುಸ್ತಕಗಳನ್ನೂ ಒಂದೇ ಕಪಾಟಿನಲ್ಲಿಟ್ಟಿದ್ದರು. ಯಾಕೆಂದರೆ, "ಒಂದರಲ್ಲಿ ಕೊನೆ ಗೊತ್ತಿರಲ್ಲ, ಇನ್ನೊಂದರಲ್ಲಿ ಗೆದ್ದೋರು ಯಾರು ಅಂತ ಗೊತ್ತಿದ್ರೂ ಎದೆ ಹೊಡ್ಕೊಳ್ಳುತ್ತೆ. ಎರಡೂ ಹಾಳೆ ತಿರುಗಿಸೋ ಹಾಗೆ ಮಾಡುತ್ತೆ." ಪುಸ್ತಕ ಮರಳಿ ಬಂದಾಗ ಹೇಗಿತ್ತು ಎಂದು ಅವರು ಕೇಳಿದವರಲ್ಲ. ಕೇಳುತ್ತಿದ್ದದ್ದು, "ಎಷ್ಟನೇ ಪುಟದಲ್ಲಿ ಬಿಟ್ಟೆ?" ಬೈಗುಳದ ಸುಳಿವಿಲ್ಲದೆ, ವೈದ್ಯರು ಜ್ವರ ಎಷ್ಟಿದೆ ಎಂದು ಕೇಳಿದ ಹಾಗೆ. ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಶಾಲೆಯ ಫುಟ್ಬಾಲ್ ತಂಡದ ಗೋಲ್‌ಕೀಪರ್ ಹುಡುಗಿಯ ಹೆಸರಿನ ಮುಂದೆ ಒಂಬತ್ತು, ಹದಿನಾಲ್ಕು, ಮೂವತ್ತೊಂದು ಎಂದಿತ್ತು. ವಯಸ್ಸು ಹದಿನಾಲ್ಕಾದರೂ ಒಂದು ಪುಸ್ತಕವನ್ನೂ ಮುಗಿಸದವಳು. ಅವಳನ್ನು ಮೂವತ್ತೊಂದು ಪುಟದವರೆಗೆ ಎಳೆದುಕೊಂಡು ಹೋದದ್ದು ಗೋಲ್‌ಕೀಪರುಗಳ ಕುರಿತ ಪುಸ್ತಕ. ಏರಿಕೆಯನ್ನು ಗಮನಿಸಿ ಇವರು ನಾಲ್ಕನೆಯದಾಗಿ ಕೊಟ್ಟದ್ದು, ಫೈನಲ್ ಪಂದ್ಯದ ಹಿಂದಿನ ದಿನ ಮೈದಾನ ನೋಡಿಕೊಳ್ಳುವವ ಸತ್ತುಬಿದ್ದಿರುವ ಒಂದು ಪತ್ತೇದಾರಿ ಕಾದಂಬರಿ.

ಐದನೆಯ ದಿನ ಅವಳು ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಎಷ್ಟನೇ ಪುಟದಲ್ಲಿ ಬಿಟ್ಟೆ?"

"ಇನ್ನೂರು. ನಾನು ಬಿಟ್ಟಿಲ್ಲ ಸರ್, ಪುಸ್ತಕವೇ ನನ್ನ ಬಿಟ್ಟುಬಿಡ್ತು."

ರಬ್ಬರ್ ಬ್ಯಾಂಡಿನೊಳಗೆ ಕೊನೆಯ ಅಧ್ಯಾಯದ ಮೊದಲ ಕೆಲವು ಹಾಳೆಗಳಷ್ಟೇ ಇದ್ದವು, ಕೊನೆಯ ಆರು ಹಾಳೆಗಳಿರಲಿಲ್ಲ. ಇನ್ನೂರನೆಯ ಪುಟದಲ್ಲಿ ಇನ್ಸ್‌ಪೆಕ್ಟರು ಕೋಣೆಯ ಬಾಗಿಲು ಹಾಕಿ, ಕೊಂದವರು ಇಲ್ಲೇ ಕೂತಿದ್ದಾರೆ ಎನ್ನುತ್ತಾರೆ. ಆಮೇಲೆ ಬರೀ ರಟ್ಟು.

"ಯಾರು ಅಂತ ಬಾಯಲ್ಲಾದ್ರೂ ಹೇಳಿ."

"ನನಗೂ ಗೊತ್ತಿಲ್ಲಮ್ಮ."

ಅವಳು ಅವರ ಹುಬ್ಬನ್ನೇ ನೋಡಿದಳು. ಅದು ಅಲುಗಲಿಲ್ಲ. "ನೀವೇ ಪೂರ್ತಿ ಓದದೇ ಇರೋದನ್ನ ನಮಗೆ ಕೊಡ್ತೀರಾ?" ಎಂದು ಹೊರಟಳು. ಬೇರೆ ಪುಸ್ತಕ ಕೇಳಲಿಲ್ಲ.

ಅವಳ ಹೆಸರಿನ ಮುಂದೆ ಇನ್ನೂರು ಎಂದು ಬರೆಯಲು ಅವರಿಗೆ ಕೈ ಬರಲಿಲ್ಲ. ಓದುವುದೆಂದರೆ ಮೋಸ ಎಂದು ಅವಳು ಒಮ್ಮೆ ತೀರ್ಮಾನಿಸಿಬಿಟ್ಟರೆ ಐದನೆಯ ಪುಸ್ತಕ ಎಂಬುದೇ ಇರುವುದಿಲ್ಲ. ಊರೂರಿಗೆ ಫೋನು ಮಾಡಿ ವಿಚಾರಿಸಿದರು. ಭಾನುವಾರ ಎರಡು ಬಸ್ಸು ಬದಲಿಸಿ, ಇನ್ನೊಂದು ಪ್ರತಿ ಇದ್ದ ಗ್ರಂಥಾಲಯಕ್ಕೆ ಹೋದರು. ಅಲ್ಲಿಯ ಮಹಿಳೆಗೆ, ಹನ್ನೆರಡು ಪುಟ ಜೆರಾಕ್ಸ್ ಮಾಡಿ ಕವರಿಗೆ ಹಾಕಿ ನೀವೇ ಅಂಟಿಸಿಬಿಡಿ ಎಂದರು.

"ಯಾಕೆ, ಸರಿಯಾಗಿ ಬಂದಿದೆಯಾ ಅಂತ ನೋಡಲ್ವಾ?"

"ಬೇಡಮ್ಮ. ಅದು ಇನ್ನೊಬ್ಬರಿಗೆ ಬಂದಿರೋ ಕಾಗದ."

ಹಿಂದಿರುಗುವಾಗ ಎರಡೂವರೆ ಗಂಟೆ ಕವರು ತೊಡೆಯ ಮೇಲಿತ್ತು. ಒಮ್ಮೆ ಮಾತ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೂಡಲೇ ನಾಚಿ ಕೆಳಗಿಟ್ಟರು.

ಸೋಮವಾರ ಮೈದಾನದ ಅಂಚಿಗೇ ಹೋಗಿ ಕೊಟ್ಟರು. ಅವಳು ಕೈಗವಸು ಕಳಚಿ, ಗೋಲುಕಂಬಕ್ಕೆ ಒರಗಿ ನಿಂತಲ್ಲೇ ಓದಿದಳು. ಇವರು ಹತ್ತು ಹೆಜ್ಜೆ ದೂರದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. ಏನೂ ಗೊತ್ತಾಗಲಿಲ್ಲ.

"ತಂಡದ ಡಾಕ್ಟರಾ ಕೊಂದಿದ್ದು?" ತಡೆಯಲಾರದೆ ಕೇಳಿದರು.

ಅವಳು ಹಾಳೆಗಳನ್ನು ಜೋಡಿಸಿ, ಜಡೆಯ ರಬ್ಬರ್ ಬ್ಯಾಂಡ್ ತೆಗೆದು ಅವಕ್ಕೆ ಹಾಕಿ, ಅವರ ಕೈಗಿಟ್ಟಳು. "ರಿಟೈರ್ ಆದ್ಮೇಲೆ ಓದಿ ಸರ್. ಈಗ ಇಂಥದ್ದೇ ಇನ್ನೊಂದು ಕೊಡಿ. ಹಾಳೆ ಎಣಿಸಿ ಕೊಡಿ."

ಈಗ ಅವರ ಜೇಬಿನಲ್ಲಿ ಒಂದು ರಟ್ಟಿನ ತುಂಡೂ ಇದೆ. ಅಕ್ಷರಗಳನ್ನೆಲ್ಲ ಮುಚ್ಚಿ ಪುಟಸಂಖ್ಯೆಯನ್ನಷ್ಟೇ ತೋರಿಸುವಂತೆ ಅದರ ಮೂಲೆಯಲ್ಲಿ ತೂತು ಕೊರೆದಿದ್ದಾರೆ. ಪ್ರತಿ ಪುಸ್ತಕದ ಕೊನೆಯ ಹಾಳೆಗಳನ್ನು ಅದರಿಂದಲೇ ಎಣಿಸುತ್ತಾರೆ.

ತಿಳಿದದ್ದನ್ನು ಹಂಚುವವರನ್ನು ನಾವು ಗುರುಗಳೆಂದು ಗುರುತಿಸುತ್ತೇವೆ. ತಿಳಿಯುವ ಸುಖವನ್ನು ಇನ್ನೊಬ್ಬರಿಗೆ ಮೊದಲು ಬಿಟ್ಟುಕೊಟ್ಟು, ತಾವು ಬಾಗಿಲ ಹೊರಗೆ ಕಾಯುತ್ತಾ ನಿಲ್ಲುವವರು ಅಷ್ಟಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಳಗಿದ್ದವರು ಹೊರಬಂದಾಗ ಅವರು ಕೇಳುವುದು ಒಂದೇ, ಎಲ್ಲಿಯವರೆಗೆ ಹೋಗಿದ್ದೆ ಎಂದು. ಆ ಉತ್ತರವೇ ಅವರ ಪಾಲಿನ ಕೊನೆಯ ಅಧ್ಯಾಯ.