ಇಪ್ಪತ್ತನಾಲ್ಕನೆಯ ಮನೆ

"ನೀವು ಒಳಗೆ ಬರುವ ಹಾಗಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ, ಚಂದ್ರಶೇಖರ ಚಿತಾಗಾರದ ಬಾಗಿಲಿಗೆ ಕೈ ಅಡ್ಡ ಇಟ್ಟ.

ಹೊರಗೆ ನಿಂತಿದ್ದ ನೋರಾಗೆ ಎಪ್ಪತ್ತು ದಾಟಿತ್ತು. ಬೆಳಗಿನ ವಿಮಾನ ಹಿಡಿದು ಸಿಡ್ನಿಯಿಂದ ಮೆಲ್ಬರ್ನ್‌ಗೆ ಬಂದಿದ್ದಳು. ಕೈಯಲ್ಲೊಂದು ದಪ್ಪ ಪುಸ್ತಕವಿತ್ತು.

"ಕೊರಗಪ್ಪ ನನ್ನ ಸ್ನೇಹಿತ," ಎಂದಳು.

"ತೊಂದರೆ ಅದೇ."

ಕೊರಗಪ್ಪನ ಮಗಳು ನಿರೀಕ್ಷಾ ಎದ್ದು ಬಂದಳು. "ಮಾವ, ಲೆಟ್ ಹರ್ ಇನ್. ಪ್ಲೀಸ್."

"ನಿಂಗೆ ಗೊತ್ತಿಲ್ಲ ಮಗಾ. ಹನ್ನೆರಡು ವರ್ಷ, ಶನಿವಾರ ಶನಿವಾರ ನಿನ್ನಪ್ಪ ಇವಳ ಮನೆಯಲ್ಲಿ. ಸಿಡ್ನಿಯಲ್ಲಿ ನಮ್ಮವರು ಎಂತೆಂತ ಮಾತಾಡಿದ್ರು ಗೊತ್ತುಂಟಾ?"

ಗಂಡನ ಶವಪೆಟ್ಟಿಗೆಯ ಪಕ್ಕ ಕುಳಿತಿದ್ದ ಪ್ರೇಮಾವತಿ ತಲೆ ತಿರುಗಿಸದೆ ಹೇಳಿದಳು: "ಬರಲಿ ಅಣ್ಣ. ಹಿಂದೆ ಎಲ್ಲಾದ್ರೂ ಕೂರಲಿ. ನನ್ನ ಹತ್ತಿರ ಬರುವುದು ಬೇಡ."

ಹಿರಿಯನೆಂದು ಚಂದ್ರಶೇಖರನೇ ನಾಲ್ಕು ಮಾತಾಡಿದ. ಕೊರಗಪ್ಪ ಸಾಧು, ಕೊಟ್ಟ ಕೆಲಸ ಮಾಡುತ್ತಿದ್ದ ಎಂದ. 'ಭಾವ' ಎಂದು ಒಮ್ಮೆಯೂ ಅನ್ನಲಿಲ್ಲ. ನಿರೀಕ್ಷಾ ಗುಂಡಿ ಒತ್ತಿದಳು. ಪೆಟ್ಟಿಗೆ ಪರದೆಯ ಹಿಂದೆ ಸರಿಯಿತು.

*

ನಿವೃತ್ತನಾಗಿ ಮಗಳಿದ್ದ ಮೆಲ್ಬರ್ನ್‌ಗೆ ಬರುವ ಮೊದಲು ಕೊರಗಪ್ಪ ಸಿಡ್ನಿಯ ಒಂದು ಕೌನ್ಸಿಲ್ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಜನ ಕಟ್ಟಲಿರುವ ಗ್ಯಾರೇಜು, ಬಚ್ಚಲುಮನೆಗಳ ನಕ್ಷೆ ಬರೆಯುವುದೇ ಅವನ ಕೆಲಸ. ಅಲ್ಲಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ನೋರಾ ಒಂದು ದಿನ ಕಾಗದದ ಕಟ್ಟು ಹಿಡಿದು ಅವನ ಮೇಜಿಗೆ ಬಂದಳು. ಐರ್ಲೆಂಡಿನಲ್ಲಿ ತಾನು ಹುಟ್ಟಿದ ಸೀಮೆಯ ಇಪ್ಪತ್ತಮೂರು ದೊಡ್ಡ ಮನೆಗಳ ಚರಿತ್ರೆ ಬರೆಯುತ್ತಿದ್ದಳು. ಕೆಲವು ಅಂತರ್ಯುದ್ಧದಲ್ಲಿ ಸುಟ್ಟುಹೋಗಿದ್ದವು. ಕೆಲವನ್ನು, ತೆರಿಗೆ ತಪ್ಪಲೆಂದು, ಒಡೆಯರೇ ಚಾವಣಿ ಕಿತ್ತು ಮಳೆಗೆ ಬಿಟ್ಟಿದ್ದರು.

"ಒಡೆಯರ ಬಗ್ಗೆ, ಅವರ ಕುದುರೆಗಳ ಬಗ್ಗೆ ಪುಸ್ತಕಗಳಿವೆ," ಎಂದಳು. "ನನ್ನಮ್ಮ ಅಂಥ ಮನೆಯಲ್ಲಿ ಪಾತ್ರೆ ತೊಳೆದವಳು. ಅವಳು ಹತ್ತುತ್ತಿದ್ದ ಹಿಂದಿನ ಮೆಟ್ಟಿಲು ಎಲ್ಲಿತ್ತೆಂದು ಯಾರೂ ಬರೆದಿಲ್ಲ."

ಹಳೆಯ ಫೋಟೋ, ಪತ್ರ, ಸಿಡ್ನಿಯ ಐರಿಷ್ ಮುದುಕಿಯರ ನೆನಪು, ಇಷ್ಟರಿಂದಲೇ ಕೊರಗಪ್ಪ ಒಂದೊಂದೇ ಮನೆಯನ್ನು ಕಾಗದದ ಮೇಲೆ ಎಬ್ಬಿಸಿದ. ಒಂದು ಮನೆಗೆ, ಆಳುಗಳು ಅತಿಥಿಗಳ ಕಣ್ಣಿಗೆ ಬೀಳದಂತೆ ಓಡಾಡಲು ನೆಲದಡಿ ಸುರಂಗವಿತ್ತು. ಅದನ್ನು ಬರೆದ ದಿನ ಅವನೆಂದ: "ನಮ್ಮಲ್ಲಿ ಸುರಂಗ ಇರಲಿಲ್ಲ. ನಮ್ಮವರನ್ನು ಅಂಗಳದಲ್ಲೇ ನಿಲ್ಲಿಸಿದರೆ ಸಾಕಿತ್ತು."

ಸಿಡ್ನಿಯ ರೌಸ್ ಹಿಲ್‌ನ ತಮ್ಮ ಮನೆಯಲ್ಲಿ ಪ್ರೇಮಾವತಿ ಕಾಯುತ್ತಿದ್ದಳು. "ಯಾರದ್ದೋ ಹಾಳುಬಿದ್ದ ಮನೆ ಕಟ್ಟಿಕೊಂಡು ನಿಮಗೆ ಎಂತ ಆಗ್ಬೇಕು?"

"ನಿಂಗೆ ಅರ್ಥ ಆಗ್ಲಿಕ್ಕಿಲ್ಲ."

"ಗುತ್ತಿನ ಮನೆಯವಳಿಗೆ ಅರ್ಥ ಆಗ್ಲಿಕ್ಕಿಲ್ಲ ಅಂತ ಸರಿಯಾಗಿ ಹೇಳಿ."

ಅವಳು ಉಡುಪಿ ಕಡೆಯ ಗುತ್ತಿನ ಮನೆಯ ಮಗಳು. ಸುತ್ತಲಿನ ಗದ್ದೆಗಳೆಲ್ಲ ಒಂದು ಕಾಲಕ್ಕೆ ಆ ಮನೆಯವೇ. ಅವನ ತಾಯಿ ಅದೇ ಮನೆಯ ಅಂಗಳದಲ್ಲಿ ಭತ್ತ ಕುಟ್ಟಿದವಳು. ಇಬ್ಬರೂ ಮಂಗಳೂರಿಗೆ ಓಡಿಹೋಗಿ ರಿಜಿಸ್ಟರ್ ಮದುವೆಯಾದರು. ಮೂವತ್ತು ವರ್ಷ, ಊರಿಗೆ ಹೋದಾಗಲೆಲ್ಲ ಪ್ರೇಮಾವತಿ ತವರಿನಲ್ಲಿ ಉಂಡು ಮಲಗಿದಳು. ಕೊರಗಪ್ಪ ಉಡುಪಿಯ ಲಾಡ್ಜಿನಲ್ಲಿ ಉಳಿದ. ಅವನನ್ನೂ ಕರೆಯಿರಿ ಎಂದು ಅವಳು ಅಪ್ಪನನ್ನಾಗಲಿ ಅಣ್ಣನನ್ನಾಗಲಿ ಕೇಳಲಿಲ್ಲ.

*

ಚಿತಾಗಾರದ ಪಕ್ಕದ ಕೋಣೆಯಲ್ಲಿ ನೋರಾ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಅಚ್ಚಾಗಿ ನಾಲ್ಕು ದಿನ. ಅವನು ನೋಡಲಿಲ್ಲ."

ಚಂದ್ರಶೇಖರ ಪುಟ ತಿರುವುತ್ತ ಹೋಗಿ ಕೊನೆಯದರಲ್ಲಿ ನಿಂತ. ಅವನ ಮುಖ ಕೆಂಪಾಯಿತು.

"ಇದು ನಮ್ಮ ಮನೆ! ಪ್ರೇಮ, ನೋಡು ಇಲ್ಲಿ. ಐರ್ಲೆಂಡಿನ ಪುಸ್ತಕದಲ್ಲಿ ನಮ್ಮ ಮನೆಗೆ ಎಂತ ಕೆಲಸ? ಅಂಗಳ ಗುಡಿಸಿದವರು ನಮ್ಮ ಮನೆಯ ನಕ್ಷೆ ಬರೆಯುವುದಾ?"

ಹರಿಯಲೆಂದು ಅವನು ಪುಟ ಹಿಡಿದದ್ದೇ ಪ್ರೇಮಾವತಿ ಅವನ ಮಣಿಕಟ್ಟನ್ನು ಹಿಡಿದಳು.

"ಬಿಡು."

"ನಿಂಗೆ ಮಾನ ಉಂಟಾ?"

"ಬಿಡು ಅಂದೆ. ಸತ್ತದ್ದು ನನ್ನ ಗಂಡ."

ಅವನು ಕೈ ಕೊಡವಿಕೊಂಡು ಹೊರಗೆ ಹೋದ. ಬಾಗಿಲು ಧಡಾರನೆ ಬಡಿಯಿತು.

ಪ್ರೇಮಾವತಿ ಪುಟದ ಮೇಲೆ ಬಗ್ಗಿದಳು. ಅಂಗಳ, ಬಾವಿ, ಹಟ್ಟಿ, ಭತ್ತ ಕುಟ್ಟುವ ಒರಳು, ಜಗಲಿಯ ಪ್ರತಿ ಮೆಟ್ಟಿಲು, ಎಲ್ಲ ಅಳತೆ ತಪ್ಪದೆ ಇದ್ದವು. ಆಮೇಲೆ ಮುಂಬಾಗಿಲು. ಬಾಗಿಲಿನಾಚೆ ಏನೂ ಇರಲಿಲ್ಲ. ನಾಲ್ಕು ಗೋಡೆಗಳ ನಡುವೆ ಬರೀ ಬಿಳಿ ಕಾಗದ.

"ಒಳಗೆ ಹೇಗಿದೆಯೋ ಗೊತ್ತಿಲ್ಲ ಅಂದ," ಎಂದಳು ನೋರಾ. "ಊಹಿಸಿ ಬರೆಯಲು ಒಪ್ಪಲಿಲ್ಲ. ನಿನ್ನ ಹೆಂಡತಿಯನ್ನು ಕೇಳು ಅಂದೆ. ಅವಳನ್ನು ಮಾತ್ರ ಕೇಳಲಾರೆ ಅಂದ."

"ನಿಮ್ಮ ಹತ್ತಿರ ಹೇಳಿದ್ರು," ಎಂದಳು ಪ್ರೇಮಾವತಿ. "ನನ್ನ ಹತ್ತಿರ ಹೇಳಲಿಲ್ಲ. ನೀವಿನ್ನು ಹೋಗಿ."

ನೋರಾ ಎದ್ದಳು. ಪುಸ್ತಕ ಅಲ್ಲೇ ಉಳಿಯಿತು.

"ಅಮ್ಮಾ, ಶಲ್ ವಿ ಗೋ?"

"ಪೆನ್ ಉಂಟಾ?"

ನಿರೀಕ್ಷಾ ಕೊಟ್ಟಳು. ಪ್ರೇಮಾವತಿ ಮುಂಬಾಗಿಲಿನಿಂದ ಒಳಕ್ಕೆ ಒಂದು ಗೆರೆ ಎಳೆದಳು. ಅದು ಸೊಟ್ಟಗೆ ಹೋಯಿತು. ಅದರ ಪಕ್ಕ 'ಚಾವಡಿ' ಎಂದು ಬರೆದಳು. ಕಣ್ಣು ಮುಚ್ಚಿ, ಬೆರಳು ಮಡಚಿ ಕಂಬಗಳನ್ನು ಎಣಿಸಿದಳು. ಕಂಬಕ್ಕೊಂದರಂತೆ ಆರು ಚುಕ್ಕೆ ಇಟ್ಟಳು. ಹೊರಗೆ ಅಣ್ಣನ ಕಾರು ಒಂದೇ ಸಮನೆ ಹಾರ್ನ್ ಹಾಕುತ್ತಿತ್ತು. ಅವಳು ತಲೆಯೆತ್ತದೆ ನಡುಮನೆಯ ಗೋಡೆ ಎಳೆಯತೊಡಗಿದಳು.